ಅಕ್ಕನ ಮಗನನ್ನು ಕುದುರೆ ಏರಿಸಿದ್ದು

ನನ್ನ ಅಕ್ಕ ತನ್ನ ಹಿರಿಯ ಮಗನ ಚಿತ್ರ ಬರೆದುಕೊಡು ಎಂದು ಕೇಳಿದಾಗ ಅವನು ಕಾಣೆಯಾಗಿ ಕೆಲವು ವರ್ಷ ಕಳೆದಿದ್ದವು. ಬರೀ ಮುಖದ ಚಿತ್ರವಲ್ಲ, ಕುದುರೆಯ ಮೇಲೆ ಕುಳಿತ ಚಿತ್ರ, ಅದೂ ನೀರುಬಣ್ಣದಲ್ಲಿ. ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನನ್ನ ತಲೆ ಬೆಳ್ಳಗಾಯಿತು. ಮಕ್ಕಳಿಗೆ ಮಾವಿನಹಣ್ಣು, ಗುಡಿಸಲು, ಎರಡು ಗುಡ್ಡಗಳ ನಡುವೆ ಹುಟ್ಟುವ ಸೂರ್ಯ ಇವನ್ನೇ ಕಲಿಸಿಕೊಂಡು ಬಂದವನು ನಾನು. ಕುದುರೆಯ ತಂಟೆಗೆ ಹೋಗಿರಲಿಲ್ಲ. ಕುದುರೆಯ ಒಂದು ಕಾಲು ತಪ್ಪಿದರೆ ಸಾಕು, ಅದು ಎಮ್ಮೆಯಾಗುತ್ತದೆ. ಹಾಗಾಗಿ ಅಕ್ಕ ಫೋನಿನಲ್ಲಿ ಹೇಳಿದಾಗ ಮೊದಲು ನಗು ಬಂತು. ಯಾಕೆ ಕೇಳುತ್ತಿದ್ದಾಳೆಂದು ತಿಳಿದ ಮೇಲೆ ಆ ನಗು ಹೋಯಿತು.

ಅಕ್ಕನನ್ನು ಕೊಟ್ಟದ್ದು ಬಸವಕಲ್ಯಾಣಕ್ಕೆ. ಅವಳ ಗಂಡನ ಹಿರಿಯರು ಯಾವ ಕಾಲದಲ್ಲೋ ಮರಾಠಿ ಸೀಮೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಅವರ ಮನೆಯ ದೇವರ ಜಗಲಿಯ ಮೇಲೆ ಅಂಗೈಗಿಂತ ಚಿಕ್ಕ ಬೆಳ್ಳಿ ತಗಡುಗಳಿವೆ, ಅವಕ್ಕೆ ಟಾಕು ಎನ್ನುತ್ತಾರೆ. ಒಂದರ ಮೇಲೆ ದೇವಿ, ಇನ್ನೊಂದರ ಮೇಲೆ ಮೈಲಾರಲಿಂಗ, ಉಳಿದವುಗಳ ಮೇಲೆಲ್ಲ ಕುದುರೆ ಸವಾರರು. ಈ ಸವಾರರು ಪುರಾಣದವರಲ್ಲ, ಆ ಮನೆಯ ಹುಡುಗರೇ. ಲಗ್ನವಾಗದೆ ತೀರಿಹೋದ ಗಂಡುಮಕ್ಕಳನ್ನು ಅವರು ಹೀಗೆ ಕುದುರೆ ಏರಿಸಿ ಜಗಲಿಗೆ ತರುತ್ತಾರೆ, ವೀರ ಎಂದು ಕರೆಯುತ್ತಾರೆ. ಮನೆಯಲ್ಲಿ ಮುಂದಿನ ಲಗ್ನ ಆಗುವ ಮೊದಲು ಅವನನ್ನು ತಂದು ಕೂಡಿಸಲೇಬೇಕು, ಇಲ್ಲದಿದ್ದರೆ ಅವನು ಹೊರಗೇ ಅಲೆಯುತ್ತಾನೆ ಎಂಬುದು ನಂಬಿಕೆ. ಇದೇ ಕಾರಣಕ್ಕೆ ಆ ಮನೆಯಲ್ಲಿ ಬದುಕಿರುವ ಗಂಡಸರು ಕುದುರೆ ಹತ್ತುವುದಿಲ್ಲ. ಊರಿನ ಮದುಮಕ್ಕಳೆಲ್ಲ ಕುದುರೆಯ ಮೇಲೆ ಮೆರವಣಿಗೆ ಹೊರಟರೆ, ಇವರ ಮದುಮಗ ಜೀಪಿನಲ್ಲೋ ಕಾರಿನಲ್ಲೋ ಕೂತು ಹೋಗುತ್ತಾನೆ. ನಮ್ಮ ತಂದೆಯ ಮನೆಯಲ್ಲಿ ಈ ಪದ್ಧತಿ ಇರಲಿಲ್ಲ. ನನಗೆ ಇಂಥದರಲ್ಲಿ ನಂಬಿಕೆಯೂ ಇಲ್ಲ.

ಹಿರಿಯ ಮಗ ಮೂಟೆ ಹೊರುವ ಕೆಲಸಕ್ಕೆಂದು ಲಾರಿಯ ಮೇಲೆ ಹೋದವನು. ಕರೋನಾ ಎರಡನೆಯ ಸಲ ಬಂದ ಬೇಸಿಗೆಯಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ, ತೊಗರಿಬೇಳೆಯ ಲಾರಿಯೊಂದಿಗೆ ಮುಂಬೈ ಕಡೆ ಹೊರಟ. ಸೋಲಾಪುರ ದಾಟಿದ ಮೇಲೆ ಮೈ ಬಿಸಿಯಾಗಿದೆ ಎಂದು ಫೋನ್ ಮಾಡಿದ್ದ. ಆಮೇಲೆ ಫೋನ್ ಇಲ್ಲ. ಲಾರಿ ತಿರುಗಿ ಬಂತು, ಅವನು ಬರಲಿಲ್ಲ. ಉಸಿರಾಡಲು ತ್ರಾಸಾದಾಗ ದಾರಿಯ ಒಂದು ಊರಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ಇಳಿಸಿದೆ ಎಂದು ಡ್ರೈವರ್ ಹೇಳಿದ. ಭಾವ ಮತ್ತು ನಾನು ಹೋದೆವು. ಬಾಗಿಲು ಬಾಗಿಲಿಗೆ ನಿಂತು ಮೊಬೈಲಿನಲ್ಲಿದ್ದ ಅವನ ಫೋಟೋ ತೋರಿಸಿದೆವು. ನೋಡಿದವರು ಇಲ್ಲವೆಂದು ತಲೆಯಾಡಿಸಿದರು. ಮಾಸ್ಕಿನ ಒಳಗಿದ್ದ ಮುಖವನ್ನು ಯಾರು ನೆನಪಿಟ್ಟುಕೊಂಡಾರು? ವಾರಸುದಾರರು ಸಿಗದವರನ್ನು ಸುಟ್ಟ ಜಾಗವನ್ನು ಒಬ್ಬಾತ ದೂರದಿಂದ ಕೈ ಮಾಡಿ ತೋರಿಸಿದ. ಭಾವ ಅಲ್ಲಿಂದ ಒಂದು ಹಿಡಿ ಬೂದಿ ಬಳಿದು ಟವೆಲ್ಲಿನ ತುದಿಯಲ್ಲಿ ಕಟ್ಟಿಕೊಂಡರು. ಅಕ್ಕ ಅದನ್ನು ಹೊಸ್ತಿಲು ದಾಟಗೊಡಲಿಲ್ಲ. ಯಾರ ಮನೆಯ ಮಗನೋ ಏನೋ, ಹೋಗಿ ಹೊಳೆಗೆ ಬಿಡಿ ಅಂದಳು.

ಈಗ ಕಿರಿಯ ಮಗನಿಗೆ ಮಂಠಾಳದ ಹುಡುಗಿ ಗೊತ್ತಾಗಿದ್ದಳು. ಲಗ್ನಕ್ಕೆ ಮೊದಲು ಹಿರಿಯವನ ಟಾಕು ಮಾಡಿಸಬೇಕೆಂದು ಭಾವನ ಮನೆಯವರೆಲ್ಲ ಕೂತು ಮಾತಾಡಿದರು. ಅಕ್ಕ ಬೇಡ ಅನ್ನಲಿಲ್ಲ. ಆದರೆ ಬೆಳ್ಳಿ ಕೆಲಸದ ಪತ್ತಾರನು ಅಚ್ಚಿನ ಮೇಲೆ ತಗಡು ಇಟ್ಟು ಬಡಿದು ಕೊಡುವ ಸವಾರರೆಲ್ಲ ಒಂದೇ ಥರ ಇರುತ್ತಾರೆ, ಮೂಗು ಮತ್ತು ಮೀಸೆ ಬಿಟ್ಟರೆ ಮುಖವೇ ಇರುವುದಿಲ್ಲ ಎಂದು ತಕರಾರು ತೆಗೆದಳು.

“ನನ್ನ ಮಗಗ ಅವನ ಮುಖಾನೇ ಇರಬೇಕು. ನನ್ನ ತಮ್ಮ ಅವನ ಚಿತ್ರ ತೆಗೀಲಿ. ಅದನ್ನ ನೋಡಿ ಪತ್ತಾರ ಟಾಕು ಮಾಡ್ಲಿ. ಅಲ್ಲೀತನ ಯಾರೂ ಬೆಳ್ಳಿಗಿ ಕೈ ಹಚ್ಚಬ್ಯಾಡ್ರಿ” ಅಂದಳಂತೆ.

ತಾಯಿಯ ಮಾತು, ಯಾರು ಎದುರಾಡುತ್ತಾರೆ? ಆ ಹೊರೆ ಬಂದು ನನ್ನ ಹೆಗಲಿಗೆ ಬಿತ್ತು.

ನಾನು ಕೆಲಸವನ್ನು ಕೆಲಸದಂತೆಯೇ ಹಿಡಿದೆ. ದಪ್ಪ ಹಾಳೆಯನ್ನು ನೀರಲ್ಲಿ ನೆನೆಸಿ, ಹಲಗೆಯ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗೋಂದಿನ ಪಟ್ಟಿ ಅಂಟಿಸಿ ಒಣಗಲು ಬಿಟ್ಟೆ. ಹೀಗೆ ಮಾಡದಿದ್ದರೆ ಬಣ್ಣದ ನೀರು ಬಿದ್ದಾಗ ಹಾಳೆ ಹಪ್ಪಳದ ಹಾಗೆ ಎದ್ದು ಕೂಡುತ್ತದೆ. ಆಮೇಲೆ ಪೆನ್ಸಿಲ್ಲಿನಲ್ಲಿ ಕುದುರೆಯ ಗೆರೆ. ಮೊದಲು ಎದೆ ಮತ್ತು ಹಿಂಭಾಗಕ್ಕೆ ಎರಡು ದುಂಡು, ನಡುವೆ ಬೆನ್ನಿನ ಬಾಗು, ಅಲ್ಲಿಂದ ಕತ್ತು, ಕೊನೆಗೆ ಕಾಲುಗಳು. ಪೆನ್ಸಿಲ್ಲನ್ನು ಒತ್ತಿ ಎಳೆಯಬಾರದು. ನೀರುಬಣ್ಣ ತೆಳ್ಳಗಿನ ಬಟ್ಟೆ ಇದ್ದ ಹಾಗೆ, ಒಳಗಿನದೆಲ್ಲ ಕಾಣುತ್ತದೆ.

ಭಾನುವಾರ ಹಲಗೆಗೆ ಹಳೆಯ ಧೋತರ ಸುತ್ತಿ ಬಸ್ಸು ಹತ್ತಿದೆ. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಡುವುದೇ ಒಂದು ಶಿಕ್ಷೆ. ಕಿಟಕಿಯ ಗಾಜೋ, ಕನ್ನಡಿಯೋ, ಯಾರ ಫೋಟೋರಿ ಮಾಸ್ತರ್ರೇ ಎಂದು ಹತ್ತಿದವರೆಲ್ಲ ಕೇಳುವವರೇ. ಕುದುರೆಯದು ಎಂದರೆ ನಕ್ಕರು. ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಬಸ್ಸು ನಿಂತಾಗ ಎದ್ದು ಕಾಲು ಝಾಡಿಸಿ ಮತ್ತೆ ಕೂತೆ.

ಅಕ್ಕ ಪೆನ್ಸಿಲ್ಲಿನ ಕುದುರೆ ನೋಡಿದಳು. ಇದರ ಕಿವಿ ಕತ್ತೆಯ ಕಿವಿಯ ಹಾಗಿವೆ ಎಂದಳು. ನಿಜ ಹೇಳಬೇಕೆಂದರೆ ಕಿವಿ ಉದ್ದವಾಗಿದ್ದವು. ನಕ್ಕು ತಿದ್ದಿದೆ. ಕಾಲು ಸಪೂರ ಎಂದಳು, ಅದನ್ನೂ ತಿದ್ದಿದೆ. ಬಾಲ ಕಸಬರಿಗೆಯ ಹಾಗಿದೆ ಎಂದಾಗ ಬಿಸಿ ಜೋಳದ ಭಕ್ಕರಿ ತಿಂದು ಎದ್ದು ಬಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಇದು ಅಕ್ಕನಿಗೂ ಗೊತ್ತು.

ಮುಂದಿನ ಹಂತ ಬಣ್ಣದ್ದು. ನೀರುಬಣ್ಣದಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬೇಕು, ಗಾಢದಿಂದ ತಿಳಿಗೆ ಬರಲು ದಾರಿ ಇಲ್ಲ. ಇಡೀ ಹಾಳೆಯನ್ನು ತೊಯಿಸಿ ಆಕಾಶಕ್ಕೆ ತೆಳು ನೀಲಿ, ನೆಲಕ್ಕೆ ನಮ್ಮ ಕಡೆಯ ಕೆಂಪು ಮಣ್ಣಿನ ಬಣ್ಣ ಹರಿಸಿದೆ. ಒಣಗಿದ ಮೇಲೆ ಕುದುರೆಗೆ ಕಂದು. ಒಂದು ಪದರ, ಅದು ಒಣಗಿದ ಮೇಲೆ ಇನ್ನೊಂದು, ಹೊಟ್ಟೆಯ ಕೆಳಗೆ ಕಂದಿಗೆ ಸ್ವಲ್ಪ ನೀಲಿ ಬೆರೆಸಿ ನೆರಳು. ಸವಾರನ ಅಂಗಿಯ ಜಾಗವನ್ನು ಮುಟ್ಟಲಿಲ್ಲ. ಬಿಳಿ ಅಂಗಿ ಬೇಕಾದರೆ ಬಿಳಿ ಹಾಳೆಯನ್ನು ಹಾಗೇ ಉಳಿಸಿಕೊಳ್ಳಬೇಕು, ಬೇರೆ ಉಪಾಯವಿಲ್ಲ. ಕುದುರೆ ಚೆನ್ನಾಗಿಯೇ ಬಂತು. ಇದನ್ನು ನೋಡಿದರೆ ಅಕ್ಕನ ಬಾಯಿ ಮುಚ್ಚುತ್ತದೆ ಎಂದುಕೊಂಡು ಮತ್ತೆ ಬಸವಕಲ್ಯಾಣಕ್ಕೆ ಒಯ್ದೆ.

“ಛಲೋ ಆಗ್ಯಾದ” ಅಂದಳು. ಬಹಳ ಹೊತ್ತು ನೋಡಿದಳು. “ಆದ್ರ ಕುದುರಿ ಬಿಳೇದು ಇರಬೇಕಿತ್ತಲ್ಲೋ ತಮ್ಮಾ. ಮೈಲಾರಲಿಂಗನ ಕುದುರಿ ಬಿಳೇದು. ನನ್ನ ಮಗಗ ಯಾಕ ಮಣ್ಣಿನ ಬಣ್ಣದ್ದು?”

“ಮೊದಲ ಹೇಳಲಿಕ್ಕ ಏನಾಗಿತ್ತು? ಇದರ ಮ್ಯಾಲ ಬಿಳಿ ಹ್ಯಾಂಗ ಬರ್ತದ?”

“ಸುಣ್ಣ ಹಚ್ಚಿದಂಗ ಹಚ್ಚು.”

“ಗ್ವಾಡಿ ಅಲ್ಲಕ್ಕಾ ಇದು!”

ಕೂಗಾಡಿದೆ. ಭಾವ ಒಳಗಿನಿಂದ ಬಂದು ನನ್ನನ್ನೂ ಅವಳನ್ನೂ ನೋಡಿ ಹೊರಗೆ ಹೋದರು. ಕೊನೆಗೆ ಹೊಸ ಹಾಳೆ ನೆನೆಸಬೇಕಾಯಿತು.

ಬಿಳಿ ಕುದುರೆ ಬರೆಯುವುದೆಂದರೆ ಕುದುರೆಯನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬರೆಯುವುದು. ಹಿಂದಿನ ಆಕಾಶ ಗಾಢವಾದಷ್ಟೂ ಮುಂದಿನ ಕುದುರೆ ಬೆಳಗುತ್ತದೆ. ಮಳೆಗೆ ಮುಂಚಿನ ಮುಸ್ಸಂಜೆಯ ಆಕಾಶ ಹಾಕಿದೆ. ಕುದುರೆಯ ಪಕ್ಕೆಗೆ, ತೊಡೆಯ ಒಳಭಾಗಕ್ಕೆ ನೀರಿನಂಥ ಬೂದು, ಮೂತಿಗೆ ಒಂದಿಷ್ಟು ಗುಲಾಬಿ, ಅಷ್ಟೇ. ಬೆನ್ನಿಗೆ ಹೊದಿಸಿದ ಜೂಲಿನ ಬಟ್ಟೆಗೆ ಕುಂಕುಮದ ಕೆಂಪು, ಲಗಾಮಿಗೆ ಕಪ್ಪು. ಸವಾರನ ಕಾಲು, ಕೈ, ಅಂಗಿಯ ಮಡಿಕೆ ಮೂಡಿದವು. ಮುಖ ಮಾತ್ರ ಖಾಲಿ. ಅದನ್ನೂ ಧೋತರದಲ್ಲಿ ಸುತ್ತಿಕೊಂಡು ಹೋದೆ.

ಆ ದಿನ ಅಕ್ಕ ಒಂದೂ ತಪ್ಪು ಹೇಳಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ಬಂದು ನಿಂತು ನೋಡಿದಳು. ಆಮೇಲೆ ಧೂಳು ಕೂತಿದೆ ಎನ್ನುತ್ತಾ ಒದ್ದೆ ಸೆರಗಿನಿಂದ ಆಕಾಶವನ್ನು ಒರೆಸಿಬಿಟ್ಟಳು. ನೀಲಿಯೆಲ್ಲ ಕೆಸರಾಗಿ ಕುದುರೆಯ ಕತ್ತಿನ ಮೇಲೆ ಇಳಿಯಿತು. ನಾನು ಹಲಗೆ ಕಸಿದುಕೊಂಡೆ. ಅವಳ ಮುಖ ನೋಡಿದೆ. ತಪ್ಪಾಯಿತು ಎನ್ನುವವಳ ಮುಖ ಅದಾಗಿರಲಿಲ್ಲ. ಕಿವಿ, ಬಾಲ, ಬಿಳಿ ಬಣ್ಣ ಎಲ್ಲವೂ ಒಮ್ಮೆಗೇ ನನಗೆ ಅರ್ಥವಾಯಿತು.

“ಬೇಕಂತ ಮಾಡಿದಿ ಹೌದಲ್ಲ?”

ಅಕ್ಕ ನೆಲದ ಮೇಲೆ ಕೂತಳು. ದನಿ ಏರಿಸಲಿಲ್ಲ. “ಮುಗಿಸಬ್ಯಾಡೋ ತಮ್ಮಾ. ನೀ ಮುಗಿಸಿದಿ ಅಂದ್ರ ಪತ್ತಾರ ಸುರು ಮಾಡ್ತಾನ. ಟಾಕು ಜಗಲಿ ಮ್ಯಾಲ ಬಂತಂದ್ರ ನನ್ನ ಮಗ ಸತ್ತಂಗ. ನಾಳಿ ಅವ ಬಾಗಲದಾಗ ಬಂದು ನಿಂತ್ರ ಏನಂತ ಕರೀಲಿ? ನೀ ಸತ್ತೀಯಪಾ, ಒಳಗ ಬರಬ್ಯಾಡ ಅನ್ಲೇನು?”

ಅವನು ಸತ್ತಿದ್ದಾನೆಂದು ನನ್ನ ಮನಸ್ಸು ಎಂದೋ ಒಪ್ಪಿಕೊಂಡಿತ್ತು. ಆದರೆ ಅದನ್ನು ಅವಳ ಎದುರು ಹೇಳುವ ಎದೆ ನನಗಿರಲಿಲ್ಲ. ಹಾಳಾದ ಹಾಳೆಯನ್ನು ಸುತ್ತಿಕೊಂಡು, ಇನ್ನೊಂದು ಬರೀತೇನಿ, ಸಾವಕಾಶ ಬರೀತೇನಿ ಎಂದು ಹೇಳಿ ಬಂದೆ. ಅಕ್ಕ ಆ ದಿನ ಬಸ್‌ಸ್ಟ್ಯಾಂಡಿನವರೆಗೂ ನನ್ನೊಂದಿಗೆ ನಡೆದಳು. ಚಿಕ್ಕಂದಿನಲ್ಲಿ ಶಾಲೆಗೆ ಕಳಿಸಲು ಬರುತ್ತಿದ್ದ ಹಾಗೆ.

ಕೆಲವು ವಾರ ಹಾಗೇ ತಳ್ಳಿದೆ. ಭಾವ ಫೋನ್ ಮಾಡಿದರೆ ಬಿಸಿಲಿಗೆ ಬಣ್ಣ ಹಿಡಿಯುತ್ತಿಲ್ಲ ಎನ್ನುತ್ತಿದ್ದೆ, ಒಳ್ಳೆಯ ಹಾಳೆ ಸಿಗುತ್ತಿಲ್ಲ ಎನ್ನುತ್ತಿದ್ದೆ. ಹೀಗಿರುವಾಗ ಒಂದು ದಿನ ಅವರೇ ಹುಮನಾಬಾದಿಗೆ ಬಂದರು. ಹೆಚ್ಚು ಮಾತಿನ ಮನುಷ್ಯರಲ್ಲ. ನೀರು ಕುಡಿದು, ಗೋಡೆಗೆ ಆನಿಸಿಟ್ಟಿದ್ದ ಖಾಲಿ ಹಲಗೆಯನ್ನು ನೋಡಿದರು.

“ಮಾಸ್ತರ್ರೇ, ಆಕಿ ನಿಮಗ ಬ್ಯಾಡ ಅಂದಾಳ, ನಂಗ ಗೊತ್ತದ.”

ನಾನು ಆ ಹಲಗೆಯನ್ನು ತಿರುವಿ ಇಟ್ಟೆ. ಭಾವ ಮುಂದುವರಿಸಿದರು.

“ಮಂಠಾಳದವರು ಕೇಳಾಕತ್ತಾರ. ದೊಡ್ಡವನ ಕಾರ್ಯ ಆಗ್ಯಾದೇನು, ಇಲ್ಲೇನು ಅಂತ. ಏನ್ ಹೇಳ್ಲಿ? ಇದು ಮುಗೀಲಾರದ ಅವರು ಹುಡುಗಿ ಕೊಡಲ್ಲ. ಆಕಿ ದಾರಿ ಕಾಯ್ತಾಳ, ಕಾಯ್ಲಿ. ನಾನೂ ಕಾದೇನಿ. ಆದ್ರ ಆ ಸುಟ್ಟ ಜಾಗಾ ನಾ ನೋಡೀನಿ, ಆಕಿ ನೋಡಿಲ್ಲ. ರಾತ್ರಿ ಕಣ್ಣು ಮುಚ್ಚಿದ್ರ ಅವ ಬಿಸಲಾಗ ನಿಂತಂಗ ಕಾಣ್ತಾನ. ಒಳಗ ಕರ್ಕೊಂಡು ಬರಬೇಕು ಅನಸ್ತದ. ಆಕಿಗಷ್ಟೇ ಮಗ ಏನ್ರಿ ಅವ? ನಂಗಲ್ಲೇನು?”

ಇಷ್ಟು ಹೇಳಿ ಭಾವ ಅತ್ತರು. ಗಂಡಸು ಅಳುವುದನ್ನು ನೋಡಿ ಅಭ್ಯಾಸವಿಲ್ಲದ ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಅತ್ತ ದರಿ, ಇತ್ತ ಪುಲಿ. ಮುಖವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸರಿಯಾಗಿ ಬರೆದು ಅಕ್ಕನ ಮುಂದೆ ಇಡುವುದು, ಮುಖ ಬೇಕೋ ಬೇಡವೋ ಅವಳೇ ಹೇಳಲಿ ಎಂದು ತೀರ್ಮಾನಿಸಿದೆ.

ಸರಿಯಾಗಿ ಬರೆಯಬೇಕೆಂದರೆ ಕಣ್ಣಿನಿಂದ ನೋಡಬೇಕು. ಕುದುರೆಯ ಮೇಲೆ ಮನುಷ್ಯನ ಭಾರ ಎಲ್ಲಿ ಬೀಳುತ್ತದೆ, ಮೊಣಕಾಲು ಎಲ್ಲಿ ಒತ್ತುತ್ತದೆ, ಇವನ್ನೆಲ್ಲ ಅಂದಾಜಿನಲ್ಲಿ ಬರೆದದ್ದಕ್ಕೇ ನನ್ನ ಹಿಂದಿನ ಸವಾರರು ಮೂಟೆ ಇಟ್ಟ ಹಾಗೆ ಕೂತಿದ್ದರು. ಊರಾಚೆ ರಸ್ತೆ ಬದಿಯಲ್ಲಿ ಮದುವೆಗಳಿಗೆ ಕುದುರೆ ಬಾಡಿಗೆ ಕೊಡುವವರ ಕೊಟ್ಟಿಗೆ ಇದೆ. ಅಕ್ಕನ ಕಿರಿಯ ಮಗ, ನನ್ನ ಅಳಿಯ, ಅದೇ ವಾರ ಲಗ್ನದ ಬಟ್ಟೆಗೆಂದು ಹುಮನಾಬಾದಿಗೆ ಬಂದಿದ್ದ. ಜೊತೆಗೆ ಬಂದ. ಕುದುರೆಯವನು ಬಿಳಿ ಕುದುರೆಯನ್ನು ಹೊರಗೆ ತಂದು ನಿಲ್ಲಿಸಿದಾಗ, ಯಾರನ್ನು ಹತ್ತಿಸುವುದೆಂದು ನಾನು ಅತ್ತಿತ್ತ ನೋಡಿದೆ.

“ನಾನೇ ಹತ್ಲೇನ್ ಮಾಮಾ?” ಅಂದ ಕಿರಿಯವ.

“ನಿಮ್ಮ ಮನ್ಯಾಗ ನಡಿಯಲ್ಲಲ್ಲೋ.”

“ಇಲ್ಲಿ ಯಾರ ನೋಡ್ತಾರ? ಅಣ್ಣನ ಸಲುವಾಗೇ ಅಲ್ಲ? ಅವ್ವಗ ಹೇಳಬ್ಯಾಡ್ರಿ, ಸಾಕು.”

ಹತ್ತಿದ. ಜೀವಮಾನದಲ್ಲಿ ಒಮ್ಮೆಯೂ ಏರದ ಕುದುರೆಯ ಮೇಲೆ ಕೂತು, ಹೆದರಿಕೆಯಲ್ಲೂ ಅವನ ಮುಖ ಅರಳಿತ್ತು. ನಾನು ಸುತ್ತಲೂ ತಿರುಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಇದರಲ್ಲಿ ತಪ್ಪಿದೆ ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ನೋಡದೆ ಬರೆಯಲು ಯಾರಿಂದ ಸಾಧ್ಯ?

ಆ ಸಲದ ಚಿತ್ರ ನಾನು ಬರೆದ ಚಿತ್ರಗಳಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಕುದುರೆ ಉಸಿರಾಡುತ್ತಿತ್ತು. ಸವಾರ ಹಿಂದಕ್ಕೆ ತುಸು ವಾಲಿ, ಲಗಾಮನ್ನು ಸಡಿಲ ಹಿಡಿದು, ಹಾಯಾಗಿ ಕೂತಿದ್ದ. ತಲೆಗೆ ರುಮಾಲು, ಅದರ ಕೆಳಗೆ ಮೊಟ್ಟೆಯಾಕಾರದ ಬಿಳಿ ಹಾಳೆ. ಇಷ್ಟು ಒಳ್ಳೆಯ ಚಿತ್ರ ಇಂಥ ಕೆಲಸಕ್ಕೆ ಬಂತಲ್ಲ ಎಂದು ನನಗೇ ಸಂಕಟವಾಯಿತು.

ಬಸವಕಲ್ಯಾಣ ತಲುಪಿದಾಗ ಮಧ್ಯಾಹ್ನದ ಹೊತ್ತು. ಭಾವ, ಅಕ್ಕ, ಕಿರಿಯ ಮಗ ಮೂವರೂ ಮನೆಯಲ್ಲಿದ್ದರು. ಪಡಸಾಲೆಯಲ್ಲಿ ಹಲಗೆಯನ್ನು ಗೋಡೆಗೆ ಆನಿಸಿ ಧೋತರ ತೆಗೆದೆ. ಭಾವ ಕೈ ಜೋಡಿಸಿದರು. ಅಕ್ಕ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅವಳ ಬೆರಳು ಸವಾರನ ಹೆಗಲ ಹತ್ತಿರ ಬಂದು ನಿಂತಿತು.

“ಇವ ಸಣ್ಣಾವ.”

“ಮುಖಾನೇ ಬರದಿಲ್ಲಲ್ಲಕ್ಕಾ.”

“ಮುಖ ಯಾಕ ಬೇಕು? ಎಡಗಡಿ ಹೆಗಲು ನೋಡು. ಬೇವಿನ ಗಿಡದ ಮ್ಯಾಗಿಂದ ಬಿದ್ದಾಗ ಎಲುಬು ಸೊಟ್ಟ ಕೂಡಿದ ಹೆಗಲದು. ಹಡದಾಕಿಗಿ ಗೊತ್ತಾಗಲ್ಲೇನು?” ಮಗನ ಕಡೆ ತಿರುಗಿದಳು. “ಕುದುರಿ ಹತ್ತಿದ್ಯಾ?”

ಕಿರಿಯವ ತಲೆ ತಗ್ಗಿಸಿದ. ನನ್ನ ಕಣ್ಣು ಕಂಡದ್ದನ್ನು ನನ್ನ ಕೈ ಬರೆದಿತ್ತು. ಎಡ ಹೆಗಲು ಬಲಕ್ಕಿಂತ ಕೆಳಗಿತ್ತು, ಅಂಗಿ ಆ ಕಡೆ ಜಾರಿತ್ತು. ಫೋಟೋದಲ್ಲಿ ನಾನು ಅದನ್ನು ಗಮನಿಸಿಯೂ ಇರಲಿಲ್ಲ.

ಅಕ್ಕ ಎದೆಗೆ ಎರಡೂ ಕೈಯಿಂದ ಬಡಿದುಕೊಂಡಳು. “ಜೀವಂತ ಇರಾವನ್ನ ಏರಿಸಿದಿ ತಮ್ಮಾ! ಒಬ್ಬಾವ ಹೋಗಿದ್ದು ಸಾಲಲಿಲ್ಲಂತ ಇವನ್ನೂ ಏರಿಸಿದ್ಯಾ?”

ನನಗೆ ರೇಗಿತು. “ಹರದು ಒಗೀತೇನಿ ಬಿಡು. ಕಾಗದ ಇದು!” ಎಂದು ಹಲಗೆಗೆ ಕೈ ಹಾಕಿದೆ.

ಅವಳು ಚೀರಿ ನನ್ನ ಮುಂಗೈ ಹಿಡಿದಳು. “ಹರೀಬ್ಯಾಡ! ಅವ ಕೂತಾನ ಅದರ ಮ್ಯಾಲ!”

ಅವಳ ಉಗುರು ನನ್ನ ಚರ್ಮಕ್ಕೆ ನಾಟಿದವು. ಭಾವ ಅವಳನ್ನು ಬಿಡಿಸಲು ಬರಲಿಲ್ಲ. ಅವರ ಮುಖದಲ್ಲೂ ಅದೇ ಭಯವಿತ್ತು. ಕಾಗದ ಎಂದು ನಾನು ಎಷ್ಟು ಕೂಗಿದರೂ ಆ ಮನೆಯಲ್ಲಿ ಅದು ಆಗ ಕಾಗದವಾಗಿರಲಿಲ್ಲ. ಹರಿದರೆ ಹುಡುಗ ಹರಿಯುತ್ತಾನೆ, ಹಾಗೇ ಇಟ್ಟರೆ ಸತ್ತವರ ಸಾಲಿಗೆ ಹೋಗುತ್ತಾನೆ. ನಾನು ನಂಬದವನು, ನಾನೂ ಹಲಗೆಯಿಂದ ಕೈ ತೆಗೆದೆ.

ಅಕ್ಕ ಚಿತ್ರದ ಮುಂದೆ ಕೂತುಬಿಟ್ಟಳು. ಹೊರಗೆ ಯಾರೋ ಕಲ್ಲಂಗಡಿ ಮಾರುತ್ತಾ ಹೋದರು. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು, ಬೀದಿಯವರೆಗೂ ನೋಡಿದಳು. ಆಮೇಲೆ ಕಿರಿಯ ಮಗನನ್ನು ನೋಡಿದಳು.

“ಇವನ್ನ ಇಳಸು” ಅಂದಳು ನನಗೆ.

“ಇಳಿಸಿದ್ರ ಕುದುರಿ ಖಾಲಿ ಉಳೀತದಕ್ಕಾ.”

“ಖಾಲಿ ಬಿಡಬ್ಯಾಡ, ಮತ್ತ ಇವನ್ನೇ ಬೇಡ್ತದ. ದೊಡ್ಡಾವನ್ನ ಕೂಡ್ಸು. ನಾ ಹೇಳ್ತೀನಿ, ನೀ ಬರಿ.”

ಇದನ್ನು ಅವಳು ಅಳದೆ ಹೇಳಿದಳು. ಇಷ್ಟು ದಿನ ಯಾರು ಹೇಳಿದರೂ ಬಿಟ್ಟುಕೊಡದವಳು, ಕುದುರೆಯ ಮೇಲಿನ ಮಗನನ್ನು ಕೆಳಗಿಳಿಸಲು ಇನ್ನೊಬ್ಬನನ್ನು ತಾನೇ ಎತ್ತಿ ಕೊಟ್ಟಳು. ಆ ಕ್ಷಣದಲ್ಲಿ ನನಗೆ ಈ ಪದ್ಧತಿಯ ಮೇಲೆ, ಆ ರೋಗದ ಮೇಲೆ, ಆ ಲಾರಿಯ ಮೇಲೆ, ನನ್ನ ಕುಂಚಗಳ ಮೇಲೆ ಎಲ್ಲದರ ಮೇಲೂ ಅಸಹ್ಯ ಬಂತು. ಆದರೂ ಬಟ್ಟಲಿಗೆ ನೀರು ತುಂಬಿದೆ.

ಕಿರಿಯವನನ್ನು ಅಕ್ಕ ಹೊರಗೆ ಕಳಿಸಿದಳು, ಮುಗಿಯುವವರೆಗೂ ಒಳಗೆ ಕಾಲಿಡಬೇಡ ಎಂದಳು. ಅವನು ಅಂಗಳಕ್ಕೆ ಹೋಗಿ ಬಿಸಿಲಿನಲ್ಲೇ ನಿಂತ.

ಒಣಗಿದ ನೀರುಬಣ್ಣವನ್ನು ಪೂರ್ತಿ ತೆಗೆಯಲಾಗುವುದಿಲ್ಲ. ಶುದ್ಧ ನೀರಿನಲ್ಲಿ ಅದ್ದಿದ ಕುಂಚದಿಂದ ಮೆಲ್ಲಗೆ ನೆನೆಸಿ, ಬಣ್ಣ ಸಡಿಲಾದ ಕೂಡಲೇ ಹಳೆಯ ಅರಿವೆಯಿಂದ ಒತ್ತಿ ಎತ್ತಬೇಕು. ಉಜ್ಜಿದರೆ ಹಾಳೆಯ ಮೈ ಕಿತ್ತು ಬರುತ್ತದೆ. ಎಡ ಹೆಗಲಿನ ಮೇಲಿದ್ದ ಆಕಾಶವನ್ನು ಹೀಗೆ ಎತ್ತುತ್ತಾ ಬಂದೆ. ನೀಲಿ ತಿಳಿಯಾದ ಜಾಗಕ್ಕೆ ಹೆಗಲು ಏರಿತು. ಅಂಗಿಯ ಜಾರಿದ ಮಡಿಕೆಯನ್ನು ನೆರಳಿನಲ್ಲಿ ಮುಳುಗಿಸಿದೆ. ಎರಡೂ ಹೆಗಲು ಸಮವಾದವು. ಅಕ್ಕ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

“ಜರಾ ಅಗಲ ಮಾಡು. ಮೂಟಿ ಹೊತ್ತು ಹೊತ್ತು ಅಗಲಾಗಿದ್ವು.”

ಅಗಲ ಮಾಡಿದೆ. ಈಗ ಅದು ಕಿರಿಯವನ ಮೈಯಾಗಿರಲಿಲ್ಲ. ಅಕ್ಕ ಉಸಿರು ಬಿಟ್ಟಳು.

ಕೊನೆಗೆ ಮುಖ. ಭಾವ ಮೊಬೈಲ್ ತೆಗೆದು ಫೋಟೋ ತೋರಿಸಲು ಬಂದರು, ಅಕ್ಕ ಬೇಡವೆಂದಳು. ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದಳು. ಹುಬ್ಬು ನಡುವೆ ಕೂಡಿದ್ದವು. ಮೂಗು ಅಪ್ಪನದು. ಗಲ್ಲ ತಾಯಿಯದು. ಕೆಳದುಟಿ ದಪ್ಪ, ಸಿಟ್ಟು ಬಂದರೆ ಅದನ್ನೇ ಕಚ್ಚುತ್ತಿದ್ದ. ನಾನು ಮೊದಲು ತೀರ ತೆಳುವಾದ ಗೋಧಿ ಬಣ್ಣ ಹರಿಸಿದೆ, ಮೂಗಿನ ಮೇಲೆ ಹಣೆಯ ಮೇಲೆ ಬೆಳಕಿಗೆ ಜಾಗ ಬಿಟ್ಟೆ. ಅದು ಒಣಗುತ್ತಿದ್ದಂತೆ ಕೆನ್ನೆಯ ನೆರಳು, ರುಮಾಲಿನ ಕೆಳಗಿನ ನೆರಳು. ಹುಬ್ಬು ಕೂಡಿಸಿದೆ. ಕಣ್ಣಿಗೆ ಬಂದಾಗ ಕ್ಷಣ ನಿಂತೆ.

“ಎಲ್ಲಿ ನೋಡಾಕತ್ತಾನಂತ ಬರೀಲಿ?”

“ದಾರಿ ಕಡೆ ಬ್ಯಾಡ” ಅಂದಳು. “ಮನಿ ಕಡೆ.”

ಕಣ್ಣು ತಿರುಗಿಸಿ ಬರೆದೆ. ಕುಂಚವನ್ನು ಕೆಳಗಿಟ್ಟಾಗ ಹಾಳೆಯಿಂದ ನನ್ನ ಅಳಿಯ ನಮ್ಮನ್ನು ನೋಡುತ್ತಿದ್ದ. ಭಾವ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ನಾನು ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟು ಅತ್ತೆ. ಅಕ್ಕ ಮಾತ್ರ ಅಳಲಿಲ್ಲ. ಚಿತ್ರವನ್ನು ನೋಡುತ್ತಾ ಗಂಡನನ್ನು ಕೇಳಿದಳು.

“ಈಗ ಏನ್ ಮಾಡಬೇಕು?”

ಭಾವ ಗೋಡೆಯ ಕಡೆಗೇ ಮುಖ ಮಾಡಿ ಹೇಳಿದರು. “ಪೂಜಾ ಆಮ್ಯಾಲ. ಮೊದಲು ಕಾಲ್ ಬೀಳಬೇಕು. ಹಡದಾಕಿ ಮೊದಲು.”

ಟಾಕು ಆಗುವುದು ಆಮೇಲೆ, ಕುದುರೆ ಏರಿದ ಗಳಿಗೆಯಿಂದಲೇ ಅವನು ವೀರ, ಮನೆಯಲ್ಲಿ ಎಲ್ಲರಿಗಿಂತ ಹಿರಿಯ. ಹೆತ್ತವರೂ ಅವನ ಕಾಲಿಗೆ ಬೀಳಬೇಕು. ಹಬ್ಬಕ್ಕೆ, ಪರೀಕ್ಷೆಗೆ, ಲಾರಿ ಹತ್ತುವಾಗ, ಪ್ರತಿ ಸಲವೂ ಅವಳ ಕಾಲು ಮುಟ್ಟಿ ಹೊರಡುತ್ತಿದ್ದ ಹುಡುಗ ಅವನು. ಅಕ್ಕ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಮಾವನ ಎದುರು ಎಳೆದುಕೊಳ್ಳುತ್ತಿದ್ದ ಹಾಗೆ. ಬಗ್ಗಲು ಹೋದವಳು ಅರ್ಧಕ್ಕೇ ನಿಂತಳು.

“ತಮ್ಮಾ, ಬಣ್ಣ ಒಣಗ್ಯಾದೇನು?”

“ಇಲ್ಲಕ್ಕಾ, ಇನ್ನಾ ಹಸಿ ಅದ.”

“ಹಂಗಾದ್ರ ಒಣಗಲಿ ತಡಿ. ಒಣಗೂತನ ನನ್ನ ಮಗಾನೇ ಇರ್ಲಿ.”

ಮತ್ತೆ ಕೂತಳು. ನಾವೂ ಕೂತೆವು. ಅವನ ಕೆನ್ನೆಯ ಮೇಲೆ ನೀರಿನ ಹೊಳಪು ಇನ್ನೂ ಇತ್ತು, ಅಕ್ಕ ಅದರಿಂದ ಕಣ್ಣು ಕೀಳಲಿಲ್ಲ. ಬೇಸಿಗೆಯ ಮಧ್ಯಾಹ್ನ. ಒಣಗಲು ಬಹಳ ಹೊತ್ತು ಹಿಡಿಯಲಿಲ್ಲ.